ಅವರ ಮುಖ

ಕೌದಳ್ಳಿ
೧೪-೮-೧೯೬೭

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಾನು ತವರಿನಲ್ಲಿ ಚೆನ್ನಾಗಿದ್ದೇನೆ. ಸತ್ತೇಗಾಲದಲ್ಲಿ ನಿಮಗೆ ಈ ಕಾಗದ ಓದಿ ಹೇಳುವವರು ಮೈದುನ ಮಾದಸ್ವಾಮಿಯವರೇ ಎಂದು ಗೊತ್ತು. ಒಂದು ಸಾಲೂ ಬಿಡದೆ ಓದಲಿ.

ನಿಮ್ಮ ಪಡಸಾಲೆಯ ಗೋಡೆಯಲ್ಲಿರುವ ನಮ್ಮ ಮದುವೆಯ ಫೋಟೊ ನನಗೆ ಬೇಕಾಗಿದೆ. ಕೊಳ್ಳೇಗಾಲದ ಸ್ಟುಡಿಯೋದಲ್ಲಿ ಇನ್ನೊಂದು ಪ್ರತಿ ತೆಗೆಸಿಕೊಂಡು ಹಿಂದಿರುಗಿಸುತ್ತೇನೆ.

ನಿಮ್ಮ ಹಿರಿಯ ಮಗ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬಾಗಿಲ ಹೊರಗೆ ಒಮ್ಮೆ ಕೆಮ್ಮಿ ಅವರು ಒಳಗೆ ಬರುತ್ತಿದ್ದದ್ದು ನೆನಪಿದೆ. ಆಲೆಮನೆಯ ಹೊಗೆ ಹಿಡಿದ ಅವರ ಅಂಗಿಯ ವಾಸನೆ ನೆನಪಿದೆ. ಮುಖ ಮಾತ್ರ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಮೈದುನನವರ ಮುಖ ಬಂದು ನಿಲ್ಲುತ್ತದೆ. ಅಣ್ಣತಮ್ಮಂದಿರದು ಒಂದೇ ಮೂಗು, ಒಂದೇ ಹುಬ್ಬು. ಹನ್ನೊಂದನೆಯ ದಿನದ ತಿಥಿ ಮುಗಿದ ಮಾರನೆಯ ದಿನ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, "ಮಕ್ಕಳಿಲ್ಲ ಮರಿಯಿಲ್ಲ, ನಿಂಗಿನ್ನೇನದೆ ಇಲ್ಲಿ? ಓಗು" ಎಂದರಲ್ಲ, ಆ ಮುಖ. ನೀವೂ ಅಲ್ಲೇ ನಿಂತಿದ್ದಿರಿ. ಮಗನನ್ನು ತಡೆಯಲಿಲ್ಲ.

ಎಷ್ಟು ಸಲ ನೆನೆಸಿಕೊಂಡಿದ್ದೇನೋ, ಈಗೀಗ ನನ್ನನ್ನು ಓಗು ಎಂದದ್ದು ನಮ್ಮ ಯಜಮಾನರೇ ಅನ್ನಿಸತೊಡಗಿದೆ. ಬದುಕಿದ್ದಾಗ ಅವರು ನನಗೆ ಒಂದು ಗಟ್ಟಿ ಮಾತೂ ಆಡಿದವರಲ್ಲ. ಸತ್ತ ಮೇಲೆ ಅವರ ಬಾಯಿಂದ ಆ ಮಾತು ಕೇಳುತ್ತ ಬದುಕಲಾರೆ.

ಫೋಟೊವನ್ನು ಈ ಕಡೆ ಬರುವ ಯಾರ ಕೈಯಲ್ಲಾದರೂ ಕಳಿಸಿ. ಮೈದುನನವರು ತರುವುದು ಬೇಡ. ಅವರನ್ನು ಇನ್ನೊಮ್ಮೆ ನೋಡಿದರೆ ನನ್ನಲ್ಲಿ ಉಳಿದಿರುವಷ್ಟು ಗಂಡನೂ ಹೋಗುತ್ತಾರೆ.

ಇಂತಿ,
ನಿಮಗೆ ಸೊಸೆಯಾಗಿದ್ದ
ಪುಟ್ಟಗೌರಮ್ಮ