ಹಾಲಕ್ಕಿಯ ಮಾತು

ಚಾಮರಾಜಪೇಟೆ
೮ ಜೂನ್ ೧೯೫೩, ಸೋಮವಾರ

ಇವತ್ತೂ ಹಲ್ಲಿ ಲೊಚಗುಟ್ಟಿತು. ಅಂಗಡಿಗೆ ಹೊರಟಿದ್ದ ಅಪ್ಪ ವಾಪಸ್ ಬಂದು ಕುಳಿತು, ನೀರು ಕುಡಿದು, ಮತ್ತೆ ಹೊರಟರು. ಅಣ್ಣ ಏಕಾಂತನಿಗೆ ನಗು. “ಅಪ್ಪಾ, ಆ ಹಲ್ಲಿಗೇ ಗಲ್ಲಾ ಕೊಟ್ಬಿಡಿ. ವ್ಯಾಪಾರ ಅದೇ ನೋಡ್ಕೊಳ್ಳತ್ತೆ.”

ಮೈಸೂರಿಗೆ ಹೋಗಿ ಎಂ.ಎ. ಓದುವ ಆಸೆ. ಅಪ್ಪನ ಮುಂದೆ ನನಗೆ ಬಾಯಿ ಬರಲಿಲ್ಲ. ಅಣ್ಣನೇ ಹೇಳಿದ. ಅಪ್ಪ ಬೇಡ ಅನ್ನಲಿಲ್ಲ. “ಬುಡುಬುಡಿಕೆಯವನು ಬರಲಿ, ಹಾಲಕ್ಕಿ ಏನನ್ನತ್ತೋ ಕೇಳೋಣ.”

“ಗೂಬೆ ಮರಿ ಕೂಗೋದಕ್ಕೂ ಎಂ.ಎ.ಗೂ ಏನಪ್ಪಾ ಸಂಬಂಧ?” ಅಣ್ಣ.

ಖುಷಿಗೆ ಅವನ ಕಂದು ಕೋಟಿನ ಹರಿದ ಜೇಬು ಹೊಲಿದೆ. ಕಂದು ದಾರ ಇರಲಿಲ್ಲ—ಹಸಿರು. “ಯಾರ್ ನೋಡ್ತಾರೆ ಬಿಡು” ಅಂದ.

೯ ಜೂನ್

ಕೆಟ್ಟ ಕನಸು. ಮೈಸೂರಿನ ಯಾವುದೋ ಬಾವಿ, ಕೈಜಾರಿದ ಕೊಡ. ಅಣ್ಣನಿಗೆ ಮಾತ್ರ ಹೇಳಿದೆ.

೧೧ ಜೂನ್, ಸಂಜೆ

ಕಲಾಸಿಪಾಳ್ಯದ ರೇವಣಸಿದ್ದಯ್ಯನವರ ಮಗಳನ್ನು ಅಣ್ಣ ಒಪ್ಪಿದ್ದಾನೆ. ಅವರದು ಒಂದೇ ಹಟ—ನಮ್ಮ ಹುಡುಗಿ ಬೇಕಾದರೆ ನಿಮ್ಮ ಹುಡುಗಿಯನ್ನು ನಮ್ಮ ಹುಡುಗನಿಗೆ ಕೊಡಿ. “ನಿನ್ ಓದು ಮೊದಲು ಕಣೆ. ನಾನ್ ಕಾಯ್ತೀನಿ” ಅಂದ ಅಣ್ಣ. ಅತ್ತುಬಿಟ್ಟೆ.

ಕೋಟಿಲ್ಲದೆ ಬಂದಿದ್ದ. ಬಸ್ಸಿನಲ್ಲಿ ಮರೆತನಂತೆ. ಅಪ್ಪ ಬೈದರು.

೧೫ ಜೂನ್

ನಸುಕಿನಲ್ಲಿ ಬುಡುಬುಡಿಕೆಯವನು ಬಂದ. ಕೆಂಪಾಂಬುಧಿ ಕೆರೆಯ ಹತ್ತಿರ ಹಾಲಕ್ಕಿಯ ಕೂಗು ಕೇಳಿ, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ನೇರ ನಮ್ಮ ಬಾಗಿಲಿಗೆ. ಮೈತುಂಬ ಕಂಬಳಿ.

“ಹಾಲಕ್ಕಿ ನುಡೀತೈತೆ ಸ್ವಾಮಿ... ಈ ಮನೆ ಹೆಣ್ಮಗಳು ಬಾವೀಲಿ ಕೊಡ ಬಿಟ್ಟವ್ಳೆ. ಮೈಸೂರು ಸೀಮೆಗೆ ಹೋದ್ರೆ ಹಗ್ಗ ಮಾತ್ರ ವಾಪಸ್ ಬರ್ತದೆ.”

ನನ್ನ ಕನಸು ಹಕ್ಕಿಗೆ ಹೇಗೆ ಗೊತ್ತು? ಬಿ.ಎ. ಓದಿದವಳು, ನಂಬಿದೆ. ಅರ್ಜಿ ಹಾಕುವುದಿಲ್ಲ ಅಂತ ನಾನೇ ಹೇಳಿದೆ. ಅಣ್ಣ ತಲೆ ಸವರಿದ.

೨೮ ಜೂನ್, ಭಾನುವಾರ

ಸಂಜೆ ಕಲಾಸಿಪಾಳ್ಯದವರು ತಾಂಬೂಲ ಬದಲಾಯಿಸಲು ಬರುತ್ತಾರೆ. ಎರಡೂ ಮದುವೆಗೆ. ಅರ್ಜಿಗೆ ನಾಳೆ ಕಡೆಯ ದಿನ.

ಬೆಳಿಗ್ಗೆ ಬುಡುಬುಡಿಕೆಯವನು ಅಕ್ಕಿಗೆ ಬಂದ. ಕಂಬಳಿ ಇಲ್ಲ. ಕಂದು ಕೋಟು. ಜೇಬಿನ ಅಂಚಿನಲ್ಲಿ ಹಸಿರು ದಾರ. ನನ್ನದೇ ಹೊಲಿಗೆ.

ಹಕ್ಕಿಗೆ ಕನಸು ಹೇಳಿದ್ದು ಯಾರು ಅಂತ ತಿಳಿಯಿತು. ಮೊರ ಹಿಡಿದು ನಿಂತೆ. “ಅಪ್ಪಾ...” ಅಷ್ಟೇ ಬಂತು.

ಅಪ್ಪ ಬಂದರು. ಕೋಟು ನೋಡಿದರು. “ಬಸ್ಸಲ್ಲಿ ಮರ್ತೆ ಅಂದ್ಯಲ್ಲೋ ಏಕಾಂತ?”

ಅಣ್ಣ ತಲೆ ತಗ್ಗಿಸಿದ. ಅಪ್ಪ ಅವನನ್ನೇ ನೋಡುತ್ತ ನಿಂತರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ಕಾದೆ.

“ಅಕ್ಕಿ ಹಾಕು ಕುಮಾರಿ. ಶುಭದ ದಿನ. ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ಬಾರದು.”

ಹಾಕಿದೆ.

ಅದೇ ದಿನ, ಮಧ್ಯಾಹ್ನ

ಅಣ್ಣ ಬಂದು ನಿಂತಿದ್ದಾನೆ. ಕೈಯಲ್ಲಿ ಹೊಸ ಕೋಟು. “ಗುಂಡಿ ಸಡಿಲ ಆಗಿದೆ ಕಣೆ. ಸಂಜೆಗೆ ಬೇಕು.”

ದಾರದ ಡಬ್ಬಿ ಪಕ್ಕದಲ್ಲೇ ಇದೆ. ಹಸಿರು ಉಂಡೆ ತೆಗೆದು ಅವನಿಗೆ ಕಾಣುವಂತೆ ಇಟ್ಟೆ. ನೋಡಿದ. “ಕುಮಾರಿ, ಅದು...” ಅಂತ ಶುರುಮಾಡಿದ. ನಾನು ಸೂಜಿಗೆ ಹಸಿರು ದಾರವನ್ನೇ ಪೋಣಿಸಿದೆ.