ಗುಣಪಾಲ ಸರ್ ವಿಷಯದ ಮನವಿ

ದುಬೈ, ೧೬ ನವೆಂಬರ್ ೨೦೨೫

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಕನ್ನಡ ಅಭಿಮಾನಿ ಬಳಗದ ಕಾರ್ಯದರ್ಶಿ ಸುಜಿತ್ ಅವರಿಗೆ,

ಕೋಚ್ ಗುಣಪಾಲ ಸರ್ ಅವರನ್ನು ತೆಗೆಯುವಂತೆ ಆಡಳಿತ ಮಂಡಳಿಗೆ ಮನವಿ ಬರೆದುಕೊಡಬೇಕೆಂದು, ತರಗತಿಗೆ ನಾನೇ ಮೊದಲಿಗಳೆಂಬ ಕಾರಣಕ್ಕೆ, ನೀವು ನನ್ನನ್ನು ಕೇಳಿದ್ದೀರಿ. ಅದಕ್ಕೆ ಉತ್ತರಿಸುವುದಷ್ಟೇ ಈ ಪತ್ರದ ಉದ್ದೇಶ.

ಹನ್ನೊಂದು ಪಂದ್ಯಗಳಲ್ಲಿ ಒಂಬತ್ತನ್ನು ಸೋತ ಪಟ್ಟಿಯನ್ನು ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊದಲು ಹಾಕಿದವಳು ನಾನೇ. ಅದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆಮೇಲೆ ಮೂರು ದಿನ ಚರ್ಚೆ ನಡೆಯಿತು. "ಇನ್ನೊಂದು ವರ್ಷ ಕೊಡುವ" ಎಂದವರು ನಾಲ್ವರೇ. "ಯಲ್ಲಾ, ಮುದುಕನನ್ನು ಊರಿಗೆ ಕಳಿಸಿ, ಖಲಾಸ್!" ಎಂದು ಬಳಗದ ಧನುಷ್ ಇಲ್ಲಿನ ಅರಬ್ಬಿ ಬೆರೆಸಿ ಬರೆದಾಗ ಉಳಿದವರೆಲ್ಲ ನಕ್ಕರು. ಪಂದ್ಯಗಳಿಗೆ ನಮ್ಮನ್ನು ಕಾರಿನಲ್ಲಿ ಕರೆದೊಯ್ಯಲೆಂದು ಆ ಗ್ರೂಪ್ ಮಾಡಿದವರೇ ಗುಣಪಾಲ ಸರ್ ಎಂಬುದು, ಅವರು ಈಗಲೂ ಅದರಲ್ಲಿದ್ದಾರೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ನಿನ್ನೆ ಬೆಳಿಗ್ಗೆ ಅವರು ಬರೆದರು: "ಅಲ್ ಬರ್ಷಾ ಮೆಟ್ರೋದಿಂದ ಇವತ್ತು ಯಾರಿಗೆಲ್ಲ ಲಿಫ್ಟ್ ಬೇಕು ಮಾರಾಯ್ರೆ? ನಾಲ್ಕು ಸೀಟು ಉಂಟು." ಒಬ್ಬರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ.

ಕೆಲಸ ಹೋದರೆ ಅವರ ವೀಸಾವೂ ಹೋಗುತ್ತದೆ, ಅದರೊಂದಿಗೆ ಕುಟುಂಬದ್ದೂ. ಫೆಬ್ರವರಿಯ ಹತ್ತನೆಯ ತರಗತಿ ಪರೀಕ್ಷೆಯ ಹೊತ್ತಿಗೆ ಅವರ ಮಗಳು ಅಕ್ಷಿತಾ ಇಲ್ಲಿರಲಾರಳು. ನೀವು ಬೇರೆ ಯಾರಿಂದಲಾದರೂ ಬರೆಸುವಿರಿ, ಮಂಡಳಿ ಒಪ್ಪಿಯೂ ಒಪ್ಪುತ್ತದೆ ಎಂದು ನನಗೆ ಗೊತ್ತು.

ಈ ಮನವಿಯನ್ನು ನಾನು ಬರೆಯುವುದಿಲ್ಲ.

ಇತಿ,
ಹಿತಾ ದ್ವಾರಕನಾಥ
ಅಂತಿಮ ವರ್ಷ