ಮೌಶಿಯ ಕ್ಯಾಲ್ಸಿಯಂ ಡಬ್ಬಿ

ಲಿಂಗಂಪಲ್ಲಿ, ಹೈದರಾಬಾದ್
ಗುರುವಾರ, 13 ನವೆಂಬರ್ 2025

ವೇದಿಕೆಯನ್ನು ಅಲಂಕರಿಸಿರುವ ಮಹನೀಯರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಸಮೋಸಾದ ದಾರಿ ಕಾಯುತ್ತಿರುವ ಸಹೃದಯರೇ, ಹಾಗೂ ಬೀದರಿನ ಮನೆಯಲ್ಲಿ ಮಂಚದ ಮೇಲೆ ಕಾಲು ಮಡಚಿ ಕುಳಿತು, ಯಾರು ಹೇಳಿದ್ದನ್ನೂ ಕೇಳುವುದಿಲ್ಲವೆಂದು ಹಟ ಹಿಡಿದಿರುವ ನನ್ನ ಅಕ್ಕನ ಮಗಳು ಕುಮಾರಿ ಕೃಪಾ ಅವರೇ,

ಎಲ್ಲರಿಗೂ ನಮಸ್ಕಾರ. ಸಭೆ ಕರೆದ ಕಾರಣ ಒಂದೇ. ಕೃಪಾ, ನೀನು ಗುಳಿಗೆ ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನ.

ನಿಮ್ಮವ್ವ ಫೋನಿನಲ್ಲಿ ಅಳುತ್ತಲೇ ಹೇಳಿದಳು. "ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಶೈಲಾ. ಅಟ್ಟದ ಮ್ಯಾಲಿನ ಹಂಡೆ, ಕೊಡ ಎಲ್ಲಾ ಇಳಿಸಿ ತಿಕ್ಕಾಕತ್ತಾಳ. ಬಿದರಿ ಸಾಮಾನಿನ ಅಂಗಡಿ ತೆರೀತೀನಿ, ದುಬೈಕ ಮಾಲು ಕಳಸ್ತೀನಿ ಅಂತಾಳ. ಸೋಮವಾರ ಡಾಕ್ಟರ್ ಕಡೆ ಹೋಗೂಣು ಬಾ ಅಂದ್ರ, 'ಮೌಶಿನೇ ಗುಳಿಗಿ ಬಿಟ್ಟು ಆರಾಮ ಇದ್ದಾಳ, ನಾ ಯಾಕ ನುಂಗಲಿ' ಅಂತಾಳ. ನಿನ್ನ ಆ ವಿಡಿಯೋ ದಿನಕ್ಕ ಹತ್ತು ಸಲ ಹಚ್ಚತಾಳ."

ನಿನಗೆ ಫೋನ್ ಮಾಡಿದರೆ ನಿನ್ನ ಮಾತಿನ ರೈಲಿಗೆ ನಿಲ್ದಾಣವೇ ಇಲ್ಲ. ಅದಕ್ಕೇ ಈ ಪತ್ರ. ಪತ್ರದ ನಡುವೆ ಬಾಯಿ ಹಾಕಲು ಬರುವುದಿಲ್ಲ, ಅದೊಂದು ಅನುಕೂಲ.

ಆ ವಿಡಿಯೋವನ್ನು ನಾನೂ ನಿನ್ನೆ ಮತ್ತೆ ನೋಡಿದೆ. ಹಾಲಿನ ಪಾತ್ರೆಯಲ್ಲಿ ಬಿದ್ದ ಹಲ್ಲಿಯನ್ನು ನೋಡುವ ಹಾಗೆ ನೋಡಿದೆ. ಹಿನ್ನೆಲೆಯಲ್ಲಿ ಕೊಳಲು. ನನ್ನ ತಲೆಯ ಹಿಂದೆ ಸೂರ್ಯ ಹುಟ್ಟುವ ಚಿತ್ರ. ಕೆಳಗೆ ಹಳದಿ ಅಕ್ಷರದಲ್ಲಿ "ಗುಳಿಗೆ ಬಿಟ್ಟೆ, ಘಳಿಗೆ ಗೆದ್ದೆ". ಇಷ್ಟು ಅಗ್ಗದ ಪ್ರಾಸವನ್ನು ಎಲ್ಲಿಂದ ಹೆಕ್ಕಿ ತರುತ್ತಾರೋ! ನೀನು ಅದನ್ನೇ ನಿನ್ನ ಸ್ಟೇಟಸ್‌ನಲ್ಲಿ ಹಾಕಿಕೊಂಡಿದ್ದೀಯ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನನ್ನ ಡಾಕ್ಟರ ಪರಿಚಯದವರದೊಂದು ಬಳಗವಿದೆ, ನಗುಬಾಳು ಎಂದು ಹೆಸರು. ಮನೋರೋಗದ ಜೊತೆ ಬದುಕು ಕಟ್ಟಿಕೊಂಡವರ ಒಳ್ಳೆಯ ಕಥೆಗಳನ್ನು ಅವರ ಬಾಯಿಂದಲೇ ಹೇಳಿಸುವುದು ಅವರ ಕೆಲಸ. ತೆಲುಗಿನಲ್ಲಿ ಸಾಲುಗಟ್ಟಿ ನಿಂತಿದ್ದರು, ಹಿಂದಿಯಲ್ಲೂ ಕೊರತೆಯಿರಲಿಲ್ಲ. ಹೈದರಾಬಾದಿನ ಕನ್ನಡಿಗರಿಗೆ ಮಾತ್ರ ಮನಸ್ಸೂ ಇಲ್ಲ, ರೋಗವೂ ಇಲ್ಲ. ಒಬ್ಬರೂ ಸಿಗಲಿಲ್ಲವಂತೆ. ಕೊನೆಗೆ ಬಳಗದ ದೀಪಾಲಿ ಎಂಬ ಹುಬ್ಬಳ್ಳಿ ಕಡೆಯ ಹುಡುಗಿ ನನ್ನ ಹತ್ತಿರ ಬಂದಳು. ನಾನು ಒಪ್ಪಿದೆ. ಒಪ್ಪಿದ್ದು ನಿನಗಾಗಿ. ಮಾರ್ಚಿನಲ್ಲಿ ಡಾಕ್ಟರು ನಿನಗೆ ಬೈಪೋಲಾರ್ ಎಂದು ಹೇಳಿದ ದಿನ, "ಇನ್ನ ನನ್ನ ಬಾಳೇ ಮುಗೀತು ಮೌಶಿ" ಎಂದು ನನ್ನ ಮುಂದೆ ಅತ್ತಿದ್ದೆಯಲ್ಲ, ಅದಕ್ಕೆ ಉತ್ತರ ಕೊಡೋಣವೆಂದು.

ನಾನು ಬರೆದುಕೊಂಡು ಹೋದದ್ದು ಎಂಟು ಪುಟ. ದೀಪಾಲಿ ಕೆಂಪು ಪೆನ್ನು ತೆಗೆದಳು.

"ಅಕ್ಕಾರ, ಆಸ್ಪತ್ರಿ ಬ್ಯಾಡ್ರಿ. ಕೇಳೋರಿಗೆ ಭಾರ ಆಗತೈತಿ."

ತೆಗೆದೆವು.

"ಅಳೂದು ಎರಡು ಸಲ ಬಂದೈತಿ. ಒಂದ ಸಾಕ್ರಿ."

ಒಂದೇ ಇಟ್ಟೆವು.

"ಈ ಸ್ಟೇಷನ್ನಿನ ಕಥಿ ಭಾಳ ಉದ್ದ ಆತ್ರಿ. ಇದರಾಗ ನೀವು ಗೆದ್ದದ್ದು ಎಲ್ಲೈತ್ರಿ?"

ಆ ಕಥೆ ನಿನಗೆ ಗೊತ್ತಿಲ್ಲ. ಮನೆಯಲ್ಲಿ "ಶೈಲಾಗ ಒಮ್ಮೆ ತಲಿ ಕೆಟ್ಟಿತ್ತು, ಆರಾಮಾತು" ಎಂಬಲ್ಲಿಗೆ ಮುಗಿಸುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ, ಐದು ದಿನ ನಿದ್ದೆಯಿಲ್ಲದೆ, ಬರಿಗಾಲಲ್ಲಿ, ಲಿಂಗಂಪಲ್ಲಿ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತು "ಪ್ರಯಾಣಿಕ ಬಂಧುಗಳೇ" ಎಂದು ಶುರು ಮಾಡಿದೆ. ನಾಲ್ಕು ತಾಸು. ಎಲ್ಲ ಪ್ರಾಸದಲ್ಲಿ. "ಹೊರಡುವ ಗಾಡಿ, ಬದುಕಿನ ನಾಡಿ" ಎಂಬಂಥವು. ಮೆಟ್ಟಿಲ ಮೇಲೆ ಕುಳಿತು ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರು. ಯಾದಗಿರಿ ಕಡೆಯ ಹೂ ಮಾರುವ ಗದಿಗೆಮ್ಮ ಎಂಬಾಕೆ ಬುಟ್ಟಿ ಬಿಟ್ಟು ಎದ್ದು ಬಂದಳು. "ಸಾಕ ಮಾಡ ತಂಗಿ, ಗಂಟಲ ಹರಕೋತೀ. ನಿನ್ನ ಭಾಷಣ ನಾಳಿಗೂ ಇರತೈತಿ, ಕಾಲಾಗ ನೋಡ, ರಗತ ಬರಾಕತ್ತೈತಿ" ಎಂದು ತನ್ನ ಸೆರಗಿನ ಅಂಚು ಹರಿದು ಕಟ್ಟಿದಳು. ನಿಮ್ಮವ್ವ ಬೀದರಿನಿಂದ ಬರುವವರೆಗೆ ನನ್ನ ಕೈ ಬಿಡಲಿಲ್ಲ. ಅವತ್ತಿನ ಅವಳ ಮಲ್ಲಿಗೆಯೆಲ್ಲ ಬಾಡಿತು.

ನನ್ನ ಪಾಲಿಗೆ ಒಳ್ಳೆಯ ಕಥೆ ಎಂದರೆ ಅದು. ದೀಪಾಲಿ ಅದರ ಮೇಲೆ ಅಡ್ಡಗೆರೆ ಎಳೆದಳು. ಎಂಟು ಪುಟ ಒಂದೂವರೆ ಪುಟವಾಯಿತು.

ಆ ವಿಡಿಯೋ ತೆಗೆದ ಸಭೆ ನಮ್ಮ ಮಾದಾಪುರದ ಆಫೀಸಿನ ಕಟ್ಟಡದಲ್ಲೇ ನಡೆಯಿತು. ಫೋನಿನ ಆ್ಯಪುಗಳಲ್ಲಿ ಬರುವ ಕನ್ನಡವನ್ನು ತಿದ್ದುವ ನಮ್ಮ ವಿಭಾಗದವರೆಲ್ಲ ಬಂದಿದ್ದರು. ನನ್ನ ಎದುರು ಮೇಜಿನ ವಿಜಯಕುಮಾರರು ಮುಂದಿನ ಸಾಲಿನಲ್ಲಿ. ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸಿದರು, ಮದುವೆಗೆ ಬಂದ ಬೀಗರ ಮೇಲೆ ಚಿಮುಕಿಸುವ ಹಾಗೆ. ಮಾತು ಮುಗಿದ ಮೇಲೆ ಶಾಲು. ಆ ಶಾಲಿನಿಂದ ನುಸಿ ಗುಳಿಗೆಯ ವಾಸನೆ ಬರುತ್ತಿತ್ತು. ಫೋಟೋಕ್ಕೆ ನಿಂತಾಗ ಯಾರೋ ಒಬ್ಬಳು ನನ್ನ ಎರಡೂ ಕೈ ಹಿಡಿದು, "ನಿಮ್ಮನ್ನ ನೋಡಿದ್ರ ಹುಚ್ಚು ಇತ್ತು ಅಂತ ಅನ್ಸೂದೇ ಇಲ್ರಿ!" ಎಂದಳು. ಪಾತ್ರೆ ಅಂಗಡಿಯಲ್ಲಿ ಕೊಡವನ್ನು ಬೆರಳಿನಿಂದ ತಟ್ಟಿ ನೋಡಿ ಮೆಚ್ಚಿದ ಹಾಗೆ. ನಾನು ಹಲ್ಲು ಕಿಸಿದೆ. ಶಾಲು ಹೊದಿಸಿದರು, ಸಾಲು ಕೊಯ್ದರು. ಅಷ್ಟೇ ನನ್ನ ವರದಿ.

ಒಂದು ಮಾತು ಮಾತ್ರ ಅವತ್ತು ಚೆನ್ನಾಗಿ ತಿಳಿಯಿತು. ಹಳೆಯ ಹುಚ್ಚನ್ನು ಹೇಳಿಕೊಳ್ಳುವುದು ಸುಲಭ, ಅದಕ್ಕೆ ಶಾಲು ಸಿಗುತ್ತದೆ. ಇವತ್ತು ಬೆಳಿಗ್ಗೆ ನುಂಗಿದ ಗುಳಿಗೆಗೆ ಯಾರೂ ಶಾಲು ಹೊದಿಸುವುದಿಲ್ಲ.

ಹೌದು, ಇವತ್ತು ಬೆಳಿಗ್ಗೆ.

ಅಮೀರ್‌ಪೇಟಿನ ಕೋಚಿಂಗಿಗೆ ಹೋಗುತ್ತ ಎರಡು ವರ್ಷ ನನ್ನ ಮನೆಯಲ್ಲಿ ಇದ್ದೆಯಲ್ಲ. ನಾಷ್ಟಾ ಆದ ಮೇಲೆ ನಾನು ಬಿಳಿ ಡಬ್ಬಿ ತೆಗೆದು ಗುಳಿಗೆ ನುಂಗುವುದನ್ನು ದಿನಾ ನೋಡಿದ್ದೀಯ. "ಮೌಶಿ, ನಿನ್ನ ಎಲುಬು ಇನ್ನ ಕಬ್ಬಿಣ ಆಗಿರಬೇಕು" ಎಂದು ನಗುತ್ತಿದ್ದೆ. ಅದು ಕ್ಯಾಲ್ಸಿಯಂ ಅಲ್ಲ ಕೃಪಾ. ಡಬ್ಬಿ ಮಾತ್ರ ಕ್ಯಾಲ್ಸಿಯಂನದು. ನಾನು ಆಸ್ಪತ್ರೆಯಿಂದ ಬಂದ ವಾರವೇ ನಿಮ್ಮಜ್ಜಿ ತನ್ನ ಮೊಣಕಾಲು ನೋವಿನ ಖಾಲಿ ಡಬ್ಬಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ನನ್ನ ಗುಳಿಗೆಗಳನ್ನು ಅದರೊಳಗೆ ಸುರಿದಳು. "ಕೇಳಿದ್ರ ಎಲುಬಿಂದು ಅನ್ನು. ಎಲುಬು ಕೆಟ್ಟೋರ ಮನಿಗೆ ಬೀಗರು ಬರತಾರ, ತಲಿ ಕೆಟ್ಟೋರ ಮನಿಗೆ ಬರೂದಿಲ್ಲ. ಗುಳಿಗಿ ಇನ್ನ ನಡದಾವ ಅಂತ ನಿಮ್ಮಕ್ಕಗೂ ಹೇಳಬ್ಯಾಡ" ಎಂದಳು. ಬೀಗರು ಕೊನೆಗೂ ಬರಲಿಲ್ಲ. ಅಜ್ಜಿ ಹೋದಳು. ಡಬ್ಬಿಯ ಮೇಲಿನ ಚೀಟಿ ಮಾಸಿದಾಗಲೆಲ್ಲ ನಾನೇ ಹೊಸ ಕ್ಯಾಲ್ಸಿಯಂ ಡಬ್ಬಿ ಕೊಂಡು, ಒಳಗಿನದನ್ನು ಮೋರಿಗೆ ಚೆಲ್ಲಿ, ನನ್ನ ಗುಳಿಗೆ ತುಂಬಿಸುತ್ತ ಬಂದೆ. ಹೀಗೆ ಹತ್ತೊಂಬತ್ತು ವರ್ಷ. ಲಿಂಗಂಪಲ್ಲಿಯ ಮೋರಿಗಳ ಎಲುಬು ಈಗ ಬಹಳ ಗಟ್ಟಿಯಿರಬೇಕು.

ನನ್ನ ಗೆಲುವು ಯಾವುದು ಎಂದು ದೀಪಾಲಿ ಕೇಳಿದಳಲ್ಲ, ಅದನ್ನು ನಿನಗೇ ಹೇಳುತ್ತೇನೆ. ಗುಳಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಡಾಕ್ಟರು ಹೇಳಿದಾಗ ರಕ್ತ ಪರೀಕ್ಷೆ, ತಲೆಯಲ್ಲಿ ಪ್ರಾಸ ತೀರಾ ಜೋರಾಗಿ ಓಡತೊಡಗಿದರೆ ಡಾಕ್ಟರಿಗೊಂದು ಫೋನ್. ಗುಳಿಗೆಯಿಂದ ಕೈ ಸ್ವಲ್ಪ ನಡುಗುತ್ತದೆ, ಚಹಾದ ಬಸಿಯಲ್ಲಿ ಕಪ್ಪು ಗಲಗಲ ಎನ್ನುತ್ತದೆ. ಇದರ ನಡುವೆ ನೌಕರಿ ಮಾಡಿದೆ, ಸಾಲು ಸಾಲು ಪುಸ್ತಕ ಓದಿದೆ, ನಿನಗೆ ಎರಡು ವರ್ಷ ಜೋಳದ ರೊಟ್ಟಿ ಬಡಿದು ಹಾಕಿದೆ, ನಿನ್ನ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನೀನು ನೋಡಿದ ಆ ಮೌಶಿ ಗುಳಿಗೆ ನುಂಗುತ್ತಿದ್ದ ಮೌಶಿ. ನೀನು ಬೇರೆ ಮೌಶಿಯನ್ನು ನೋಡಿಯೇ ಇಲ್ಲ.

ಆದ್ದರಿಂದ ಡಾಕ್ಟರನ್ನು ಕೇಳದೆ ನೀನಾಗಿ ಮತ್ತೆ ಶುರು ಮಾಡಬೇಡ, ನೀನಾಗಿ ಬಿಡಲೂ ಬೇಡ. ಸೋಮವಾರದವರೆಗೂ ಕಾಯಬೇಡ, ಡಾಕ್ಟರಿಗೆ ಇವತ್ತೇ ಫೋನ್ ಮಾಡಿಸು. ಒಂಬತ್ತು ದಿನವಾಯಿತು, ನಿದ್ದೆಯಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳು. ಅಂಗಡಿ ಆಮೇಲೆ ತೆರೆಯೋಣ, ಉದ್ಘಾಟನೆಯ ಭಾಷಣ ನನ್ನದು.

ಇಲ್ಲಿಗೆ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಮೇಲೆ ಬರೆದದ್ದನ್ನು ಓದಿ ನೋಡಿದರೆ, ಆ ಹುಬ್ಬಳ್ಳಿ ಹುಡುಗಿಯ ಮೇಲೆ ಎಷ್ಟು ಅಂದವಾಗಿ ಎಲ್ಲವನ್ನೂ ಹೊರಿಸಿದ್ದೇನೆ ಎಂದು ನನಗೇ ಕಾಣುತ್ತಿದೆ. ಸ್ಟೇಷನ್ನನ್ನು ಕೊಯ್ದದ್ದು ಅವಳು. ಗುಳಿಗೆಯ ಸಾಲನ್ನು ಅವಳು ಮುಟ್ಟಿರಲಿಲ್ಲ. "ಇದೊಂದು ಮಾತ್ರ ಬಿಡಬ್ಯಾಡ್ರಿ ಅಕ್ಕಾರ, ಡಾಕ್ಟರು ಖಡಕ್ಕಾಗಿ ಹೇಳ್ಯಾರ" ಎಂದು ಅದರ ಕೆಳಗೆ ಗೆರೆ ಎಳೆದು ಕೊಟ್ಟಿದ್ದಳು. "ನಾನು ಇವತ್ತಿಗೂ ಗುಳಿಗೆ ತೆಗೆದುಕೊಳ್ಳುತ್ತೇನೆ, ನಾಳೆಯೂ ತೆಗೆದುಕೊಳ್ಳುತ್ತೇನೆ" ಎಂದಿತ್ತು. ನಾನು ಅಲ್ಲಿಗೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ತಲೆ ಎತ್ತಿದೆ. ಆರು ವರ್ಷದಿಂದ ಊಟದ ಹೊತ್ತಿಗೆ ನಾನು ಮಧ್ಯಾಹ್ನದ ಗುಳಿಗೆಗೆ ಡಬ್ಬಿ ತೆಗೆದಾಗ ನನ್ನ ಎಲುಬಿನ ಯೋಗಕ್ಷೇಮ ಕೇಳುವ ವಿಜಯಕುಮಾರರು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಾಲು ಓದಿದರೆ ಚಪ್ಪಾಳೆ ನಿಲ್ಲುತ್ತದೆ ಎನ್ನಿಸಿತು. ಕಾಗದ ಮಡಚಿದೆ. ಪ್ಲಾಟ್‌ಫಾರ್ಮಿನಲ್ಲಿ, ಬುದ್ಧಿ ನೆಟ್ಟಗಿಲ್ಲದಾಗ, ನಾಲ್ಕು ತಾಸು ಮಾತಾಡಿದವಳು ಒಂದು ಸುಳ್ಳೂ ಹೇಳಿರಲಿಲ್ಲ. ಶಾಲಿಗೆ ಕಾದು ನಿಂತ ಈ ಬುದ್ಧಿವಂತೆ ಹೇಳಿದಳು.

"ಗುಳಿಗೆ ಬಿಟ್ಟೆ" ಎಂಬ ಆ ಅಗ್ಗದ ಪ್ರಾಸ ನನ್ನದು. ಅಲ್ಲೇ ನಿಂತು ಕಟ್ಟಿದೆ.

ನಿನ್ನ ಮೌಶಿ,
ಶೈಲಶ್ರೀ

ತಾ.ಕ.: ಇವತ್ತು ಊಟದ ಹೊತ್ತಿಗೆ ಚೀಟಿ ಕಿತ್ತು ಡಬ್ಬಿಯನ್ನು ವಿಜಯಕುಮಾರರ ಮುಂದೆ ಇಟ್ಟು, ಇದು ಏನೆಂದು ಹೇಳಿದೆ. ರೊಟ್ಟಿ ಬಿಟ್ಟು ಡಬ್ಬಿ ತಿರುಗಿಸಿ ನೋಡಿದರು. "ಹಂಗಾದ್ರ ಆರು ವರ್ಷ ನಿಮ್ಮ ಎಲುಬಿನ ಚಿಂತಿ ಮಾಡಿದ್ದು ದಂಡ ಆತಲ್ರಿ ಮೇಡಂ! ಪುಂಡಿ ಪಲ್ಯ ಹಾಕ್ಕೋತೀರೇನು?" ಎಂದರು. ಅಷ್ಟೇ ಆಯಿತು. ವಿಡಿಯೋ ತೆಗೆಸಲು ದೀಪಾಲಿಗೆ ಫೋನ್ ಮಾಡಿದೆ. ಅವತ್ತು ಅವಳು ಸಭೆಗೆ ಬಂದಿರಲಿಲ್ಲ, ವಿಡಿಯೋ ಜೋಡಿಸಿದ್ದು ಬೇರೆಯವರಂತೆ. ತೆಗೆದಳು, ಬೈದಳು, ಆ ಸಾಲನ್ನು ಓದಿಸಿ ಹೊಸದು ಮಾಡುತ್ತಾಳಂತೆ. ನಿಮ್ಮವ್ವನಿಗೂ ಎಲ್ಲ ಹೇಳಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಬೈಯುವುದಿದ್ದರೆ ಬೈ, ಆದರೆ ಓದಿದ ಮೇಲೆ ಚಪ್ಪಲಿ ಮೆಟ್ಟಿಕೋ. ಡಾಕ್ಟರ ದವಾಖಾನೆಯವರೆಗೆ ನಿನ್ನ ಕೈ ನಾನು ಬಿಡುವುದಿಲ್ಲ.